ದೂರದ ನದಿ, ಮನೆಯ ಮಾಳಿಗೆ

ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವವರು ನಿಂತಿರುವುದು ಒಂದು ಕೆರೆಯ ಅಂಗಳದಲ್ಲಿ. ಧರ್ಮಾಂಬುಧಿ ಎಂಬುದು ಆ ಕೆರೆಯ ಹೆಸರು. ಸಂಪಂಗಿ ಕೆರೆಯ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಹತ್ತಿರದಲ್ಲಿ ದೊಡ್ಡ ನದಿಯಿಲ್ಲದ ಈ ಎತ್ತರದ ಊರು ಒಂದು ಕಾಲಕ್ಕೆ ಇಂಥ ಕೆರೆಗಳನ್ನೂ ಬಾವಿಗಳನ್ನೂ ನಂಬಿಯೇ ಬದುಕಿತ್ತು. ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿದಿಡುವುದು ಆಗ ಊರಿನ ದಿನನಿತ್ಯದ ವ್ಯವಹಾರವಾಗಿತ್ತು.

ಊರು ಬೆಳೆದಂತೆ ಆ ನೀರು ಸಾಲದಾಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟ ಕೆರೆ ಸಿದ್ಧವಾಯಿತು. 1896ರಲ್ಲಿ ಅಲ್ಲಿಂದ ನಗರಕ್ಕೆ ಕೊಳಾಯಿ ನೀರು ಬಂತು. ಸೋಲದೇವನಹಳ್ಳಿಯವರೆಗೆ ತಾನಾಗಿ ಹರಿದ ನೀರನ್ನು ಅಲ್ಲಿಂದ ಉಗಿಯಂತ್ರಗಳು ಮೇಲೆತ್ತುತ್ತಿದ್ದವು. 1920ರ ದಶಕದಲ್ಲಿ ಹೆಸರಘಟ್ಟವೇ ಬತ್ತಿದಾಗ ದೃಷ್ಟಿ ಮತ್ತೂ ಮುಂದೆ ಹೊರಳಿತು. ಅದೇ ಅರ್ಕಾವತಿಗೆ ಕುಮುದ್ವತಿ ಸೇರುವಲ್ಲಿ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಎದ್ದುನಿಂತಿತು. 1964ರಲ್ಲಿ ಜಲಮಂಡಳಿ ಹುಟ್ಟಿತು. ಹತ್ತು ವರ್ಷಗಳ ಬಳಿಕ, 1974ರಲ್ಲಿ, ಕಾವೇರಿ ನೀರು ನಗರ ತಲುಪಿತು. ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಈ ನೀರನ್ನು ಹಂತಹಂತವಾಗಿ ಪಂಪು ಮಾಡಬೇಕು. ಮಂಡಳಿಯ ಖರ್ಚಿನ ದೊಡ್ಡ ಪಾಲು ವಿದ್ಯುತ್ತಿಗೇ ಹೋಗುವುದು ಇದರಿಂದಾಗಿ.

ಹೀಗೆ ಕೊರತೆ ಬಂದಾಗಲೆಲ್ಲ ನಗರ ಕಂಡುಕೊಂಡ ಉತ್ತರ ಒಂದೇ: ಇನ್ನಷ್ಟು ದೂರ ಹೋಗುವುದು. ಕೊಳಾಯಿ ಮನೆಗೆ ಬಂದ ಮೇಲೆ ಊರೊಳಗಿನ ಕೆರೆ ಯಾರಿಗೂ ಬೇಡವಾಯಿತು. ಬೇಡವಾದ ಕೆರೆ ನಿವೇಶನವಾಯಿತು, ಬಡಾವಣೆಯಾಯಿತು. ಅಷ್ಟು ಕಷ್ಟಪಟ್ಟು ತಂದ ನೀರಾದರೂ ಪೂರ್ತಿ ದಕ್ಕಿತೇ? ಹಳೆಯ ಕೊಳವೆಗಳ ಸೋರಿಕೆ ಮತ್ತು ಅಕ್ರಮ ಸಂಪರ್ಕಗಳಿಂದಾಗಿ, 2010ರ ದಶಕದ ಆರಂಭದಲ್ಲಿಯೂ ಮೂರನೆಯ ಒಂದು ಪಾಲಿಗಿಂತ ಹೆಚ್ಚು ನೀರು ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

ಉಳಿತಾಯದ ಮಾತು ಕಾನೂನಾದದ್ದು 2009ರಲ್ಲಿ. ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು, 2,400 ಚದರ ಅಡಿ ಹಾಗೂ ಅದಕ್ಕೂ ದೊಡ್ಡ ನಿವೇಶನದ ಹಳೆಯ ಕಟ್ಟಡಗಳಿಗೂ, 1,200 ಚದರ ಅಡಿಯಿಂದ ಮೇಲಿನ ಹೊಸ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ ಮಾಡಲಾಯಿತು. ಇದರ ಲೆಕ್ಕ ಸರಳ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 900 ಮಿ.ಮೀ. ಮಳೆಯೆಂದು ಹಿಡಿದರೂ, 100 ಚದರ ಮೀಟರ್ ಮಾಳಿಗೆಯ ಮೇಲೆ ಬೀಳುವುದು 90,000 ಲೀಟರ್. ಅದರಲ್ಲಿ ಒಂದಷ್ಟು ಸಂಪಿಗೆ, ಉಳಿದದ್ದು ಇಂಗುಗುಂಡಿಯ ಮೂಲಕ ನೆಲಕ್ಕೆ. ಆದರೂ ಅನೇಕರಿಗೆ ಗುಂಡಿ ತೋಡಿಸುವುದಕ್ಕಿಂತ ಬಿಲ್ಲಿನ ಜೊತೆ ದಂಡ ಕಟ್ಟುವುದೇ ಸುಲಭವೆನಿಸಿತು.

2024ರ ಬೇಸಿಗೆ ಈ ಉದಾಸೀನಕ್ಕೆ ಬೆಲೆ ಕೇಳಿತು. ಸಾವಿರಾರು ಕೊಳವೆಬಾವಿಗಳು ಬತ್ತಿದವು. ಟ್ಯಾಂಕರಿನ ಮುಂದೆ ಬಿಂದಿಗೆಗಳ ಸಾಲು ಬೆಳೆಯಿತು. ಕಾರು ತೊಳೆಯಲು, ಕೈತೋಟಕ್ಕೆ, ಕಟ್ಟಡ ಕಾಮಗಾರಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಮಂಡಳಿ ಸಾರಿತು. ಹೋಟೆಲು, ಮಳಿಗೆಗಳ ನಲ್ಲಿಗಳಿಗೆ ನೀರಿನ ರಭಸ ತಗ್ಗಿಸುವ ಬಿಲ್ಲೆ ಕಡ್ಡಾಯವಾಯಿತು.

ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಆರಂಭವಾಗಿ, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ತರುವ ಸಾಮರ್ಥ್ಯ ಬಂದಿದೆ. ಆದರೆ ಕಾವೇರಿ ಬೆಂಗಳೂರಿನದೊಂದೇ ಅಲ್ಲ. ಅದರ ಮೇಲೆ ಮಂಡ್ಯದ ಗದ್ದೆಗೂ ತಂಜಾವೂರಿನ ಗದ್ದೆಗೂ ಹಕ್ಕಿದೆ. ಸುಪ್ರೀಂ ಕೋರ್ಟು 2018ರಲ್ಲಿ ನಗರದ ಕುಡಿಯುವ ನೀರಿಗೆಂದು ಹೆಚ್ಚಿಗೆ ಕೊಟ್ಟದ್ದು 4.75 ಟಿಎಂಸಿ ಅಡಿ. ಹೆಸರಘಟ್ಟ ಬತ್ತಿದಾಗ ತಿಪ್ಪಗೊಂಡನಹಳ್ಳಿಯಿತ್ತು, ಅದು ಸಾಲದಾದಾಗ ಕಾವೇರಿಯಿತ್ತು. ಅಷ್ಟು ಸಲೀಸಾಗಿ ಕೈಚಾಚಲು ಇನ್ನೊಂದು ನದಿ ಸಮೀಪದಲ್ಲಿಲ್ಲ.

ಈ ಮಳೆಗಾಲದಲ್ಲಿ ನಿಮ್ಮ ಮಾಳಿಗೆಯ ಕೊಳವೆ ಎಲ್ಲಿ ಬಾಯಿ ತೆರೆಯುತ್ತದೆಂದು ಒಮ್ಮೆ ಬಗ್ಗಿ ನೋಡಿ. ಚರಂಡಿಗಾದರೆ, 1896ಕ್ಕೂ ಮೊದಲಿನ ಊರು ನಮಗಿಂತ ಜಾಣತನದಿಂದ ಬಾಳಿತ್ತೆಂದೇ ಹೇಳಬೇಕು.