‘ಒಡೆಯ’ನ ಖಾತೆ ಬದಲಾವಣೆ

ಶಿವಮೊಗ್ಗದ ಗಾಂಧಿ ಬಜಾರ್‌ನಲ್ಲಿ ಅಂಗಡಿಯ ಯಜಮಾನನನ್ನು ಮಾಲೀಕನೆಂದೋ ಸಾಹುಕಾರನೆಂದೋ ಕರೆಯುತ್ತಾರೆಯೇ ಹೊರತು ಒಡೆಯನೆಂದು ಕರೆಯುವುದಿಲ್ಲ. ಆ ಪದ ಪೇಟೆಯದಲ್ಲ, ನೆಲದ್ದು. ‘ಒಡವೆ’ಯೊಂದಿಗೆ ಬೇರು ಹಂಚಿಕೊಂಡಿರುವ ಈ ಪದ ಮೈಸೂರಿನ ಅರಸರಿಗೆ ಮನೆತನದ ಹೆಸರಾಗಿಯೂ, ಮಲೆನಾಡಿನ ಗೇಣಿದಾರನ ಬಾಯಲ್ಲಿ ಜಮೀನುದಾರನನ್ನು ಕರೆಯುವ ಮಾತಾಗಿಯೂ ಬಹುಕಾಲ ನಡೆದುಬಂದು, ಕಳೆದ ಶತಮಾನದ ನಡುವಿನಲ್ಲಿ ಕೈ ಬದಲಾಯಿಸತೊಡಗಿತು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಆರಂಭವಾದ ಸತ್ಯಾಗ್ರಹದ ಮೂಲದಲ್ಲಿದ್ದದ್ದು ಕೊಳಗ, ಅಂದರೆ ಭತ್ತ ಅಳೆಯುವ ಪಾತ್ರೆ. ಗೇಣಿಯನ್ನು, ಅಂದರೆ ಪರರ ಗದ್ದೆ ಉಳುವುದಕ್ಕೆ ಪ್ರತಿಯಾಗಿ ಕೊಡಬೇಕಾದ ಬೆಳೆಯ ಪಾಲನ್ನು, ಜಮೀನುದಾರರು ನಿಗದಿತ ಅಳತೆಗಿಂತ ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಾರೆಂಬುದು ರೈತರ ಆಕ್ಷೇಪವಾಗಿತ್ತು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಈ ಹೋರಾಟಕ್ಕೆ ಸಮಾಜವಾದಿ ಪಕ್ಷ ಹೆಗಲು ಕೊಟ್ಟಿತು. ಜೂನ್‌ನಲ್ಲಿ ಬಂದ ಆ ಪಕ್ಷದ ನಾಯಕ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ಚಳವಳಿಯಿಂದ ಒಡನೆಯೇ ಕಾನೂನೇನೂ ಹುಟ್ಟಲಿಲ್ಲವಾದರೂ, 1952ರ ಚುನಾವಣೆಯಲ್ಲಿ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಗೆದ್ದುದರಿಂದ ಕಣದ ತಕರಾರು ವಿಧಾನಸಭೆಯ ಒಳಹೊಕ್ಕಿತು.

‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯ ಬಲವೆಲ್ಲ ಆ ದೀರ್ಘ ‘ಏ’ಕಾರದಲ್ಲಿದೆ. 1961ರ ಭೂಸುಧಾರಣಾ ಕಾಯ್ದೆಯಲ್ಲಿ ಇಲ್ಲದಿದ್ದದ್ದು ಅದೇ. ಸ್ವಂತ ಸಾಗುವಳಿಯ ಹೆಸರಿನಲ್ಲಿ ಗೇಣಿದಾರನಿಂದ ಜಮೀನು ಮರಳಿ ಪಡೆಯಲು ಅದು ದಾರಿ ಉಳಿಸಿತ್ತು. ಮುಖ್ಯಮಂತ್ರಿ ದೇವರಾಜ ಅರಸು ಅವರ ಕಾಲದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳನ್ನು ಸರ್ಕಾರಕ್ಕೆ ನಿಹಿತಗೊಳಿಸಿತು, ಅಂದರೆ ಅವುಗಳ ಹಕ್ಕನ್ನು ಸರ್ಕಾರದ ವಶಕ್ಕೆ ತಂದಿತು. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟು ಉಳಿದವರು ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಗೋಪಾಲಗೌಡರು ಇದನ್ನು ನೋಡಲು ಉಳಿದಿರಲಿಲ್ಲ. ಅವರು 1972ರಲ್ಲೇ ತೀರಿಕೊಂಡಿದ್ದರು. ತಿದ್ದುಪಡಿ ಬಂದರೂ ಹಕ್ಕು ತಾನಾಗಿ ಮನೆಬಾಗಿಲಿಗೆ ಬರಲಿಲ್ಲ. ಗೇಣಿದಾರನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ, ಭೂನ್ಯಾಯಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ರುಜುವಾತು ಮಾಡಬೇಕಿತ್ತು. ಗೆದ್ದರೆ, ಪಹಣಿಯ, ಅಂದರೆ ಜಮೀನಿನ ಹಕ್ಕು ಮತ್ತು ಸಾಗುವಳಿಯ ದಾಖಲೆಯ, ಹನ್ನೆರಡನೇ ಕಾಲಂನಲ್ಲಿ ಸಾಗುವಳಿದಾರನಾಗಿದ್ದವನ ಹೆಸರು ಮಾಲೀಕನ ಒಂಬತ್ತನೇ ಕಾಲಂಗೆ ಏರುತ್ತಿತ್ತು. ಒಡೆತನವೆಂದರೆ ಕಂದಾಯ ಇಲಾಖೆಯ ಲೆಕ್ಕದಲ್ಲಿ ಇಷ್ಟೇ, ಮೂರು ಕಾಲಂಗಳ ಅಂತರ. ಅದನ್ನು ದಾಟಲು ಕಾಗೋಡಿನಿಂದ ಇಪ್ಪತ್ಮೂರು ವರ್ಷ ಹಿಡಿಯಿತು.

ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆಯುತ್ತಿದ್ದ, ಅದೇ ಭೂಸುಧಾರಣಾ ಕಾಯ್ದೆಯ 79 ಎ ಮತ್ತು ಬಿ ಕಲಮುಗಳನ್ನು 2020ರ ಜುಲೈನಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯ ಮೂಲಕ, ಅಂದರೆ ಸದನ ಸೇರಿರದಾಗ ರಾಜ್ಯಪಾಲರು ಹೊರಡಿಸುವ ತಾತ್ಕಾಲಿಕ ಕಾನೂನಿನ ಮೂಲಕ, ತೆಗೆದುಹಾಕಿತು. ಸುಗ್ರೀವಾಜ್ಞೆಗೆ ಆಯುಸ್ಸು ಕಡಿಮೆ. ಸದನ ಮತ್ತೆ ಸೇರಿದ ಆರು ವಾರಗಳೊಳಗೆ ವಿಧೇಯಕ ಅಂಗೀಕಾರವಾಗದಿದ್ದರೆ ಅದು ಬಿದ್ದುಹೋಗುತ್ತದೆ. ಈ ಬಿಡುವಿನಲ್ಲೇ ರೈತ ಸಂಘಟನೆಗಳು ಹಳೆಯ ಘೋಷಣೆಯನ್ನು ತಿರುಚಿ, ಇನ್ನು ‘ಉಳ್ಳವನೇ ಒಡೆಯ’ ಎಂದು ಹಂಗಿಸಿದವು. ಒಂದು ಒತ್ತಕ್ಷರದಲ್ಲಿ ಇಡೀ ವಿಧೇಯಕದ ವಿಮರ್ಶೆ ಅಡಗಿತ್ತು. ಸದನದ ಯಾವ ಭಾಷಣವೂ ಅಷ್ಟು ದೂರ ಹೋಗಿರಲಾರದು. ಆದರೂ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತು ವಿಧೇಯಕಕ್ಕೆ ಒಪ್ಪಿಗೆ ಕೊಟ್ಟಿತು. 2021ರ ಮಾರ್ಚ್‌ನಲ್ಲಿ ಕೇಂದ್ರದ ಮೂರು ಕೃಷಿ ಕಾಯ್ದೆಗಳ ವಿರುದ್ಧ ಶಿವಮೊಗ್ಗದಲ್ಲಿ ರೈತ ಮಹಾಪಂಚಾಯತ್ ನಡೆಯಿತು. ಆ ವರ್ಷದ ಕೊನೆಗೆ ಆ ಕಾಯ್ದೆಗಳು ರದ್ದಾದವು. ರಾಜ್ಯದ ತಿದ್ದುಪಡಿಯನ್ನು ಬದಲಿಸುವ ಅಧಿಕಾರ ಬೆಂಗಳೂರಿನ ಎರಡು ಸದನಗಳದ್ದಾದ್ದರಿಂದ ದೆಹಲಿಯ ನಿರ್ಧಾರ ಅದನ್ನು ಮುಟ್ಟಲಿಲ್ಲ.