ರಕ್ತ ಹುಟ್ಟೋ ಜಾಗಕ್ಕೇ ಪೆಟ್ಟು ಬಿದ್ರ? ಫ್ಯಾಂಕೋನಿ ರೋಗದ ಇತಿಹಾಸ 🩸

(1/6)
ಗೆಳೆಯರೇ, ಮಳಿಗಿ ಹೊರಗ ಬಿಟ್ಟ ಸಲಿಕೆಗೆ ತುಕ್ಕು ಹಿಡಿಯೋದು ಜವಳಗೇರಾದಾಗ ಎಲ್ಲರೂ ನೋಡೀವಿ. ಅದರಾಗ ಆಕ್ಸಿಜನ್ ಕೈವಾಡ ಐತಿ. ನಮ್ಮನ್ನ ಬದುಕಿಸೋ ಇದೇ ಆಕ್ಸಿಜನ್ ಜೀವಕೋಶದ ಒಳಗೂ ಡಿಎನ್ಎಗೆ ಪೆಟ್ಟು ಕೊಡ್ತೈತಿ. ಅದು ಮಿತಿ ಮೀರಿದ್ರ ಆಕ್ಸಿಡೇಟಿವ್ ಸ್ಟ್ರೆಸ್ ಅಂತಾರ. ಆರೋಗ್ಯವಂತ ಕೋಶ ಆ ಪೆಟ್ಟನ್ನ ರಿಪೇರಿ ಮಾಡ್ಕೋತೈತಿ. ರಿಪೇರಿ ಮಾಡೋ ಜೀನೇ ಹುಟ್ಟಿನಿಂದ ಕೆಟ್ಟಿದ್ರ?

(2/6)
1927. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗೈಡೋ ಫ್ಯಾಂಕೋನಿ ಒಂದೇ ಮನೆಯ ಮೂವರು ಅಣ್ಣತಮ್ಮಂದಿರ ಬಗ್ಗೆ ಬರೆದರು. ಮೂವರಿಗೂ ತೀವ್ರ ರಕ್ತಹೀನತೆ, ಜೊತೆಗೆ ಹುಟ್ಟಿನಿಂದಲೇ ದೇಹದ ಬೆಳವಣಿಗೆಯಲ್ಲಿ ದೋಷ. ಒಂದೇ ಮನೆಯಲ್ಲಿ ಮೂವರಿಗೆ ಅಂದ್ರ ಇದು ಬರೀ ಊಟದ ಕೊರತೆ ಅಲ್ಲ, ವಂಶದಿಂದ ಬಂದದ್ದು. ಮೂಳೆಯೊಳಗಿನ ಮಜ್ಜೆ ರಕ್ತ ತಯಾರಿಸೋದನ್ನೇ ನಿಲ್ಲಿಸ್ತಾ ಬರ್ತೈತಿ. ಯಾಕ? ಆಗ ಯಾರಿಗೂ ತಿಳಿದಿರಲಿಲ್ಲ.

(3/6)
1964ರಲ್ಲಿ ಜರ್ಮನಿಯ ಟ್ರೌಟೆ ಶ್ರೋಡರ್ ತಂಡ ಇಂಥ ರೋಗಿಗಳ ಕ್ರೋಮೋಸೋಮ್‌ಗಳು ತಾವಾಗಿಯೇ ಮುರಿದಿರೋದನ್ನ ಕಂಡಿತು. 1981ರಲ್ಲಿ ನೆದರ್‌ಲೆಂಡ್ಸ್‌ನ ಹಾನ್ಸ್ ಯೂನ್ಯೆ ತಂಡ ಅದೇ ರೋಗಿಗಳ ಕೋಶಗಳನ್ನ ಬೇರೆ ಬೇರೆ ಪ್ರಮಾಣದ ಆಕ್ಸಿಜನ್‌ನಲ್ಲಿ ಬೆಳೆಸಿತು. ಆಕ್ಸಿಜನ್ ಹೆಚ್ಚಿದಾಗ ಮುರಿತ ಹೆಚ್ಚು, ಕಡಿಮೆಯಾದಾಗ ಕಡಿಮೆ! 😮

ಆದ್ರ ಆಕ್ಸಿಜನ್ ಒಂದೇ ಕಳ್ಳ ಅಲ್ಲ. 2011ರಲ್ಲಿ ಕೇಂಬ್ರಿಡ್ಜ್‌ನ ಕೆ.ಜೆ. ಪಟೇಲ್ ತಂಡ, ನಮ್ಮ ದೇಹವೇ ತಯಾರಿಸೋ ಆಲ್ಡಿಹೈಡ್ ಅನ್ನೋ ರಾಸಾಯನಿಕಗಳೂ ಇದೇ ಹಾನಿ ಮಾಡ್ತಾವ ಅಂತ ಇಲಿಗಳಲ್ಲಿ ತೋರಿಸಿತು. ಡಿಎನ್ಎ ಪೆಟ್ಟು ತಿಂತಾ ಹೋದ್ರ ಪಿ53 ಅನ್ನೋ ಕಾವಲುಗಾರ ಪ್ರೋಟೀನ್ ಕೋಶಕ್ಕೆ "ಬೆಳೀಬೇಡ, ಇಲ್ಲಾ ಸಾಯಿ" ಅಂತ ಹೇಳ್ತೈತಿ. ಈ ಆತ್ಮಹತ್ಯೆಗೆ ಅಪೊಪ್ಟೋಸಿಸ್ ಅಂತ ಹೆಸರು. ರಕ್ತದ ಮೂಲಕೋಶಗಳು ಹಿಂಗ ಖಾಲಿ ಆದ್ವು ಅಂದ್ರ ಮಜ್ಜೆ ಬರಿದಾಗ್ತೈತಿ.

(4/6)
ಹೆಸರು ಗೊತ್ತಾಗೋದು ಯಾಕ ಮುಖ್ಯ ಅಂದ್ರ, ಮಜ್ಜೆ ಕಸಿಗೆ ಮುಂಚೆ ಕೊಡೋ ಮಾಮೂಲಿ ಡೋಸ್ ಕೀಮೋ ಈ ಮಕ್ಕಳಿಗೆ ವಿಷ ಆಗ್ತೈತಿ. ಪ್ಯಾರಿಸ್‌ನ ಎಲಿಯಾನ್ ಗ್ಲೂಕ್‌ಮನ್ ಇದನ್ನ ಅರಿತು ಡೋಸ್ ಇಳಿಸಿದರು. 1988ರಲ್ಲಿ ಅವರೇ ಜಗತ್ತಿನ ಮೊದಲ ಹೊಕ್ಕಳಬಳ್ಳಿ ರಕ್ತದ ಕಸಿ ಮಾಡಿದ್ದು ಈ ರೋಗ ಇದ್ದ ಹುಡುಗನಿಗೆ. ರಕ್ತ ಸಿಕ್ಕಿದ್ದು ಆಗತಾನೇ ಹುಟ್ಟಿದ್ದ ಅವನ ತಂಗಿಯಿಂದ. ಹುಡುಗ ಬದುಕಿದ, ಬೆಳೆದು ದೊಡ್ಡವನಾದ ❤️

(5/6)
ಈಗ ನಮ್ಮ ಮನಿ ಕಡೆ ಬರೋಣ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದ್ದು. ಸೋದರಮಾವ, ಅತ್ತೆ ಮಗ ಅಂತ ನಮ್ಮ ಕಡೆನೂ ಕೊಡ್ತಾರ. ಫ್ಯಾಂಕೋನಿ ಬಹುತೇಕ ಬರೋದು ತಂದೆ-ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಸಿಕ್ಕಾಗ. ಇಬ್ಬರೂ ಆರೋಗ್ಯವಾಗೇ ಇರ್ತಾರ, ಆದ್ರ ಪ್ರತಿ ಬಸಿರಿನಾಗೂ 25% ಸಾಧ್ಯತೆ. ಒಂದೇ ಮನೆತನದವರಾದ್ರ ಇಬ್ಬರ ಹತ್ರಾನೂ ಅದೇ ಪ್ರತಿ ಇರೋ ಸಂಭವ ಜಾಸ್ತಿ. ಸಂಬಂಧದ ಹೊರಗ ಮದುವಿ ಆದವರಿಗೂ ಬರಬಹುದು.

(6/6)
ಮಗುವಿಗೆ ರಕ್ತ ಕಡಿಮೆ, ಪ್ಲೇಟ್‌ಲೆಟ್ ಕಡಿಮೆ, ಹೆಬ್ಬೆರಳಲ್ಲಿ ದೋಷ, ಕುಳ್ಳು, ಚರ್ಮದ ಮ್ಯಾಲ ಕಂದು ಮಚ್ಚೆ ಕಂಡ್ರ, ಕ್ರೋಮೋಸೋಮ್ ಮುರಿತದ ಟೆಸ್ಟ್ ಬೇಕೇನು ಅಂತ ರಕ್ತರೋಗ ತಜ್ಞರನ್ನ ಕೇಳ್ರಿ. ಅಣ್ಣತಮ್ಮ, ಅಕ್ಕತಂಗಿಯರಿಗೂ ಮಾಡಿಸಬೇಕು. ಮಜ್ಜೆ ಕೊಡೋಕೆ ಬಂದವರಿಗೇ ಗೊತ್ತಿಲ್ಲದಂಗ ರೋಗ ಇರಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಣೇಶ್ ನಾಗರಾಜು ಅವರ ಲ್ಯಾಬ್ ಇದೇ ರಿಪೇರಿ ಪ್ರೋಟೀನ್‌ಗಳ ಮ್ಯಾಲ ಕೆಲಸ ಮಾಡೈತಿ. ವಿಜ್ಞಾನ ಕೋಶದ ಒಳಗ ಹೊಕ್ಕು ಕಾರಣ ಹುಡುಕ್ತೈತಿ, ನಾವು ಮಾತ್ರ ಇನ್ನೂ "ಸೊಸಿ ಕಾಲ್ಗುಣ" ಅಂತೀವಿ. ಮಗು ಇಬ್ಬರದೂ, ಜೀನೂ ಇಬ್ಬರದೂ. ಅಕಿನ್ನ ಬೈಯೋದು ಬಿಡ್ರಿ, ಟೆಸ್ಟ್ ಮಾಡಿಸ್ರಿ.

ಸೇವ್ ಮಾಡ್ಕೊಂಡು ಮನಿ ಗ್ರೂಪಿಗೂ ಕಳಿಸ್ರಿ 🙏
#ರಕ್ತದಕಥೆ #ವಿಜ್ಞಾನಇತಿಹಾಸ #ಜವಳಗೇರಾ #ಸಿಂಧನೂರು