ನೀಲಿ ರಿಬ್ಬನ್, ಮೇವಿನ ಲೆಕ್ಕ
ಅಮೆರಿಕದ ಒಹಾಯೊ ರಾಜ್ಯದ ಕ್ಲಾರ್ಕ್ ಕೌಂಟಿ. 1902ರ ಜನವರಿಯಲ್ಲಿ ಶಾಲಾ ಮೇಲ್ವಿಚಾರಕ ಎ. ಬಿ. ಗ್ರಹಾಂ ಇಲ್ಲಿನ ಸ್ಪ್ರಿಂಗ್‌ಫೀಲ್ಡ್‌ ನ್ಯಾಯಾಲಯದ ನೆಲಮಾಳಿಗೆಯಲ್ಲಿ ಸುಮಾರು 30 ಮಕ್ಕಳನ್ನು ಕೂಡಿಸಿದರು. ಮಣ್ಣಿನ ಪರೀಕ್ಷೆ, ಮೆಕ್ಕೆಜೋಳದ ಬೀಜದ ಆಯ್ಕೆ ಅವರ ಪಾಠವಾಯಿತು. ಇಂದಿನ ‘ಫೋರ್-ಎಚ್’ ಮಕ್ಕಳ ಕ್ಲಬ್‌ಗಳ ಬೇರು ಇದು. ನಾಲ್ಕೆಲೆಯ ಹಸಿರು ಕ್ಲೋವರ್ ಅವುಗಳ ಲಾಂಛನ. ಒಂದೊಂದು ಎಲೆಗೂ ಇಂಗ್ಲಿಷಿನ ‘ಎಚ್’ ಅಕ್ಷರದ ಒಂದು ಪದ: ಹೆಡ್ (ತಲೆ), ಹಾರ್ಟ್ (ಹೃದಯ), ಹ್ಯಾಂಡ್ಸ್ (ಕೈ), ಹೆಲ್ತ್ (ಆರೋಗ್ಯ).

ಕೌಂಟಿ ಜಾತ್ರೆಗೆ ಈ ಕ್ಲಬ್‌ಗಳ ಮಕ್ಕಳು ತಾವೇ ಹೊಲಿದ ಉಡುಪು, ಜಾಮ್ ಬಾಟಲಿ ತರುತ್ತಾರೆ. ಸಾಕಿದ ಹಂದಿ, ಕುರಿ, ಹೋರಿಗಳನ್ನು ಮೈತೊಳೆದು ತೀರ್ಪುಗಾರರ ಮುಂದೆ ನಡೆಸುತ್ತಾರೆ. ಮೇವಿನ ಖರ್ಚು, ತೂಕ ಬರೆದಿಟ್ಟ ಪುಸ್ತಕವೂ ಇರಬೇಕು. ಹಲವು ಸ್ಪರ್ಧೆಗಳಲ್ಲಿ ಒಬ್ಬರೇ ಗೆಲ್ಲುವುದಿಲ್ಲ. ಗುಣಕ್ಕೆ ತಕ್ಕಂತೆ ನೀಲಿ, ಕೆಂಪು, ಬಿಳಿ ರಿಬ್ಬನ್.

ಕೊನೆಗೆ ಪ್ರಾಣಿಗಳ ಹರಾಜು. ಹೆಸರಿಟ್ಟು ಸಾಕಿದ ಹೋರಿ ಕಸಾಯಿಖಾನೆಯ ಲಾರಿ ಹತ್ತುವಾಗ, ರಿಬ್ಬನ್ ಹಿಡಿದುಕೊಂಡೇ ಅಳುವ ಮಕ್ಕಳೂ ಇದ್ದಾರೆ.